ಬೆಚ್ಚಗಿನ ಫೆಬ್ರವರಿ, ಮೊಣಕಾಲುದ್ದ ನೀರು

ಫೆಬ್ರವರಿ ಬಂತೆಂದರೆ ನಮ್ಮ ಮನೆಯಲ್ಲಿ ಇಬ್ಬರು ಹವಾಮಾನ ನೋಡುತ್ತೇವೆ. ಹೆಂಡತಿ ನೋಡುವುದು ಗಾಳಿಯ ಉಷ್ಣತೆ. ಮಗಳಿಗೆ ಜಾಕೆಟ್ ಬೇಕಾ ಬೇಡವಾ ಅನ್ನುವುದು ಅವಳ ಪ್ರಶ್ನೆ. ನಾನು ನೋಡುವುದು ನೀರಿನ ಉಷ್ಣತೆ. ಡಲ್ಲಾಸಿನಿಂದ ಪೂರ್ವಕ್ಕೆ ಒಂದೂವರೆ ತಾಸು ಕಾರು ಓಡಿಸಿದರೆ ಸಿಗುವ ಲೇಕ್ ಫೋರ್ಕ್‌ನಲ್ಲಿ ನೀರು ಎಷ್ಟು ಡಿಗ್ರಿ ಇದೆ, ನಿನ್ನೆಗಿಂತ ಏರಿದೆಯಾ, ಇಳಿದಿದೆಯಾ. 48 ಇದ್ದರೆ ಸುಮ್ನೆ ನನ್ನ ಕೆಲಸ ಮಾಡಿಕೊಂಡಿರುತ್ತೇನೆ. 55 ಆದರೆ ಮೀಟಿಂಗಿನಲ್ಲಿ ಮನಸ್ಸು ನಿಲ್ಲುವುದಿಲ್ಲ. 58 ದಾಟಿದರೆ ಶನಿವಾರದ ಮಿಕ್ಕ ಕಾರ್ಯಕ್ರಮವೆಲ್ಲ ರದ್ದು.

ಇದೆಲ್ಲ ಫ್ಯಾರನ್‌ಹೀಟ್ ಲೆಕ್ಕ. ಸೆಲ್ಸಿಯಸ್‌ನಲ್ಲಿ ಹೇಳಿದರೆ 9ಕ್ಕೂ 14ಕ್ಕೂ ನಡುವಿನ ಆಟ. ನಮಗೆ ಎರಡೂ ಚಳಿಯೇ. ಆದರೆ ಲಾರ್ಜ್‌ಮೌತ್ ಬಾಸ್ ಎಂಬ ಮೀನಿಗೆ ಆ ಐದಾರು ಡಿಗ್ರಿಯಲ್ಲಿ ಊರೇ ಬದಲಾಗುತ್ತದೆ. ಚಳಿಗಾಲವೆಲ್ಲ ಆಳದಲ್ಲಿ, ಹಳೆಯ ತೊರೆಯ ಪಾತ್ರದ ಅಂಚಿನಲ್ಲಿ ಅಲುಗಾಡದೆ ನಿಂತಿದ್ದ ಮೀನು, ನಾವು ಪ್ಯಾಂಟು ಮಡಚಿಕೊಂಡು ನಿಲ್ಲಬಹುದಾದಷ್ಟು ನೀರಿಗೆ ಬಂದುಬಿಡುತ್ತದೆ. ಬೆನ್ನಿನ ರೆಕ್ಕೆ ನೀರಿನಿಂದ ಹೊರಗೆ ಕಾಣುವ ದಿನವೂ ಇದೆ.

ಬಾಸ್ ನೋಡಿರದವರಿಗೆ ಚಿಕ್ಕ ಪರಿಚಯ. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೆ ಒಂದು ಕಪ್ಪು ಪಟ್ಟೆ. ಬಾಯಿ ಮುಚ್ಚಿದಾಗ ದವಡೆ ಕಣ್ಣಿಗಿಂತ ಹಿಂದಕ್ಕೆ ಹೋಗುತ್ತದೆ. ದೊಡ್ಡ ಮೀನಿನ ಬಾಯೊಳಗೆ ಮುಷ್ಟಿ ಹಿಡಿಸುತ್ತದೆ. ಕಪ್ಪೆ, ಸಣ್ಣ ಮೀನು, ನೀರುಹಾವು, ಏನು ಸಿಕ್ಕರೂ ಬಿಡುವುದಿಲ್ಲ. ರುಚಿಯೂ ಪರವಾಗಿಲ್ಲ. ಆದರೆ ಅಮೆರಿಕದಲ್ಲಿ ಇದನ್ನು ತಿನ್ನುವುದಕ್ಕೆ ಹಿಡಿಯುವವರು ಕಡಿಮೆ. ಹಿಡಿದು, ತೂಗಿ, ಫೋಟೋ ತೆಗೆದು ಬಿಡುತ್ತಾರೆ. 1967ರಲ್ಲಿ ಬಾಸ್ ಹಿಡಿಯುವವರದೇ ಒಂದು ಸಂಘ ಕಟ್ಟಿದ ರೇ ಸ್ಕಾಟ್ ಎಂಬಾತ 1972ರಲ್ಲಿ ತನ್ನ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತ ವಾಪಸ್ ಬಿಡುವ ಪದ್ಧತಿ ಶುರುಮಾಡಿದ. ಈಗ ಅದು ಇಲ್ಲಿ ಬಹುತೇಕ ಧರ್ಮ.

ನಮ್ಮಮ್ಮನಿಗೆ ಮಾತ್ರ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. "ಬಿಡೋದಾದ್ರೆ ಹಿಡಿಯೋದ್ಯಾಕೋ? ಅದರ ಬಾಯಿ ಹರಿಯೋಕಾ?" ಅಂತ ತೀರ್ಥಹಳ್ಳಿಯಿಂದ ಫೋನಿನಲ್ಲಿ ಕೇಳುತ್ತಾಳೆ. ಆ ಪ್ರಶ್ನೆಗೆ ನನ್ನ ಹತ್ತಿರ ಚೆನ್ನಾಗಿರುವ ಉತ್ತರ ಇಲ್ಲ.

ಲೇಕ್ ಫೋರ್ಕ್ ನಿಜವಾಗಿ ಜಲಾಶಯ. ಸಬೀನ್ ನದಿಗೆ ಸೇರುವ ತೊರೆಯೊಂದಕ್ಕೆ 1980ರಲ್ಲಿ ಅಣೆಕಟ್ಟು ಹಾಕಿ ನೀರು ನಿಲ್ಲಿಸಿದರು. ಸುಮಾರು 27,000 ಎಕರೆ. ಉದ್ದೇಶ ಕುಡಿಯುವ ನೀರು. ಆದರೆ ಟೆಕ್ಸಾಸಿನ ಮೀನುಗಾರಿಕೆ ಇಲಾಖೆಯವರು ಬುದ್ಧಿವಂತಿಕೆ ಮಾಡಿದರು. ನೀರು ತುಂಬುವ ಮೊದಲೇ, ಮುಳುಗಲಿರುವ ಜಾಗದ ಹೊಂಡಗಳಲ್ಲಿ ಫ್ಲಾರಿಡಾ ತಳಿಯ ಬಾಸ್ ಮರಿ ಬಿಟ್ಟರು. ಫ್ಲಾರಿಡಾ ತಳಿ ದಪ್ಪಕ್ಕೆ ಬೆಳೆಯುತ್ತದೆ. ಕಾಡನ್ನೂ ಪೂರ್ತಿ ಕಡಿಯಲಿಲ್ಲ. ಇವತ್ತಿಗೂ ಕೆರೆಯ ನಡುವೆ ಸತ್ತ ಮರಗಳು ನೆಟ್ಟಗೆ ನಿಂತಿವೆ. ದೋಣಿ ಓಡಿಸುವವರಿಗೆ ಅದು ಶಾಪ. ಮೀನಿಗೆ ಮನೆ.

ಫಲ ಬೇಗ ಸಿಕ್ಕಿತು. 1986ರ ನವೆಂಬರಿನಲ್ಲಿ ಮಾರ್ಕ್ ಸ್ಟೀವನ್‌ಸನ್ ಎಂಬ ಗೈಡ್ ಇಲ್ಲಿ 17.67 ಪೌಂಡಿನ ಬಾಸ್ ಹಿಡಿದ. ಅಂದರೆ ಎಂಟು ಕಿಲೋ. ಆ ಮೀನಿಗೆ ಎಥೆಲ್ ಅಂತ ಹೆಸರಿಟ್ಟರು. ಭಾರಿ ಮೀನುಗಳನ್ನು ಇಲಾಖೆಗೆ ಕೊಟ್ಟು, ಅವುಗಳಿಂದ ಮರಿ ಮಾಡಿಸಿ ಮತ್ತೆ ಕೆರೆಗಳಿಗೆ ಬಿಡುವ ಶೇರ್‌ಲಂಕರ್ ಕಾರ್ಯಕ್ರಮದ ಮೊದಲ ಮೀನು ಅದು. ಆ ಕಾರ್ಯಕ್ರಮ ಈಗಲೂ ನಡೆಯುತ್ತಿದೆ. 13 ಪೌಂಡು ಮೀರಿದ ಜೀವಂತ ಮೀನನ್ನು ಅವರು ಮರಿ ಮಾಡಿಸಲು ತೆಗೆದುಕೊಳ್ಳುವುದು ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ. ಯಾಕೆ ಆ ಮೂರು ತಿಂಗಳು ಅಂದರೆ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣುಗಳು ಸಿಗುವುದು ಆಗಲೇ. ಈ ಬರಹದ ವಿಷಯವೂ ಅದೇ ಹೆಣ್ಣುಗಳು.

ರಾಜ್ಯದ ದಾಖಲೆಯೂ ಇದೇ ಕೆರೆಯದು. 1992ರ ಜನವರಿ 24, ಬ್ಯಾರಿ ಸೇಂಟ್ ಕ್ಲೇರ್, 18.18 ಪೌಂಡು. ಆದರೆ ಅವನು ಬಾಸ್ ಹಿಡಿಯಲು ಹೋಗಿರಲಿಲ್ಲ. ಕ್ರ್ಯಾಪಿ ಎಂಬ ಚಿಕ್ಕ ಮೀನು ಹಿಡಿಯಲು ಗಾಳಕ್ಕೆ ಜೀವಂತ ಮರಿಮೀನು ಪೋಣಿಸಿ ಆಳದಲ್ಲಿ ಬಿಟ್ಟಿದ್ದ. ದಡದ ನೀರಿನ ಬಗ್ಗೆ ನಾನು ಎಷ್ಟೇ ಕೊಚ್ಚಿಕೊಂಡರೂ, ಟೆಕ್ಸಾಸಿನ ಅತಿ ದೊಡ್ಡ ಬಾಸ್ ಬಂದದ್ದು ಆಳದಿಂದ, ಅದೂ ಬೇರೆ ಮೀನಿಗಿಟ್ಟ ಎರೆಗೆ.

ಇರಲಿ. ನನಗೆ ದಡದ ನೀರೇ ಇಷ್ಟ. ಅದಕ್ಕೊಂದು ಕಾರಣ ಇದೆ. ಆಳದ ಮೀನುಗಾರಿಕೆ ಈಗ ಪರದೆ ನೋಡುವ ಕೆಲಸ ಆಗಿದೆ. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಎಂಬ ಸೋನಾರ್ ಯಂತ್ರ ಬಂದಮೇಲೆ ದೋಣಿಯ ಮುಂದೆ ಇರುವ ಮೀನು, ಅದರ ಕಡೆ ಇಳಿಯುತ್ತಿರುವ ಲೂರ್, ಅಂದರೆ ಮೀನನ್ನು ಮರುಳುಮಾಡುವ ಕೃತಕ ಎರೆ, ಎರಡೂ ಪರದೆಯ ಮೇಲೆ ಆ ಕ್ಷಣಕ್ಕೇ ಕಾಣುತ್ತವೆ. ವಾರವೆಲ್ಲ ಪರದೆ ನೋಡಿ ಸಂಬಳ ತೆಗೆದುಕೊಳ್ಳುವ ನಾನು ಶನಿವಾರವೂ ಪರದೆ ನೋಡಬೇಕಾ? ಎರಡಡಿ ನೀರಿನಲ್ಲಿ ಆ ಯಂತ್ರದ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಸೂರ್ಯ ಎಲ್ಲಿದ್ದಾನೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ನೀರಿನ ಬಣ್ಣ ಏನು, ಇಷ್ಟೇ ಲೆಕ್ಕ. ಈ ಮೂರು ಗೊತ್ತಾದರೆ ಕೆರೆಯ ಬಹುಪಾಲು ಜಾಗವನ್ನು ಬಿಟ್ಟುಬಿಡಬಹುದು.

ಮೊದಲು ಸೂರ್ಯ. ಈ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 33 ಡಿಗ್ರಿಯಲ್ಲಿದೆ. ಚಳಿಗಾಲದಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ದಕ್ಷಿಣದ ಆಕಾಶದಲ್ಲಿ ಓರೆಯಾಗಿ ಸಾಗಿ ಮುಳುಗುತ್ತಾನೆ. ಹಾಗಾಗಿ ಕೆರೆಯ ದಕ್ಷಿಣ ದಡದ ಮೇಲೆ ಅಲ್ಲಿಯ ಮರಗಳದೇ ನೆರಳು. ಉತ್ತರ ದಡ, ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ದಡ, ದಿನವಿಡೀ ಬಿಸಿಲು ಕಾಯಿಸಿಕೊಳ್ಳುತ್ತದೆ. ಚಳಿ ತರುವ ಉತ್ತರದ ಗಾಳಿಗೂ ಆ ದಡವೇ ಮರೆ. ನಮ್ಮ ಜನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲೋ ಫ್ರಿಸ್ಕೋದಲ್ಲೋ ಮನೆ ಕೊಳ್ಳುವಾಗ ದಕ್ಷಿಣ ಬಾಗಿಲು ಅಂದರೆ ಒಳಗೆ ಕಾಲಿಡದೆ ವಾಪಸ್ ಬರುತ್ತಾರೆ. ಬಾಸ್ ಮೀನಿನ ವಾಸ್ತು ಉಲ್ಟಾ.

ಆಮೇಲೆ ಗಾಳಿ. ಬಿಸಿ ನೀರು ಹಗುರ, ಮೇಲೇ ತೇಲುತ್ತದೆ. ಎರಡು ಮೂರು ದಿನ ದಕ್ಷಿಣದಿಂದ ಮೆತ್ತಗೆ ಗಾಳಿ ಬೀಸಿದರೆ ಆ ಮೇಲಿನ ಬೆಚ್ಚನೆಯ ಪದರ ಉತ್ತರ ದಡಕ್ಕೆ ಹೋಗಿ ಒಟ್ಟಾಗುತ್ತದೆ. ದಡದೊಳಕ್ಕೆ ಕೈಚಾಚಿದ ಹಾಗೆ ನುಗ್ಗಿರುವ ಮೂಲೆಗಳನ್ನು ಇಲ್ಲಿ ಕೋವ್ ಅನ್ನುತ್ತಾರೆ. ಅಂಥ ಕೋವಿನ ತುದಿಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಥರ್ಮಾಮೀಟರು ಕೆರೆಯ ನಡುವಿಗಿಂತ ಐದಾರು ಡಿಗ್ರಿ ಜಾಸ್ತಿ ತೋರಿಸುವುದು ಮಾಮೂಲು. ಬೆಳಗಿನ ಜಾವ ಎದ್ದು ಹೋಗುವ ಶೂರರಿಗೆ ಈ ಕಾಲದಲ್ಲಿ ಏನೂ ಸಿಗುವುದಿಲ್ಲ. ರಾತ್ರಿಯಲ್ಲಿ ಆ ತೆಳ್ಳನೆಯ ನೀರು ಬೇಗ ತಣ್ಣಗಾಗಿರುತ್ತದೆ. ಆರಾಮವಾಗಿ ತಿಂಡಿ ತಿಂದು, ಇನ್ನೊಂದು ಲೋಟ ಕಾಫಿ ಕುಡಿದು ಹೊರಟರೆ ಸಾಕು. ಮೀನುಗಾರಿಕೆಯಲ್ಲಿ ಸೋಮಾರಿಗಳಿಗೆ ಲಾಭ ಇರುವ ತಿಂಗಳು ಇದೊಂದೇ ಇರಬೇಕು.

ಕೊನೆಗೆ ಬಣ್ಣ. ಕನ್ನಡಿಯಂಥ ತಿಳಿನೀರು ಬಿಸಿಲನ್ನು ಕೆಳಗೆ ಬಿಟ್ಟುಕೊಡುತ್ತದೆ. ತುಸು ಮಣ್ಣು ಕಲೆತ ನೀರು ಬಿಸಿಲನ್ನು ಮೇಲೇ ಹಿಡಿದಿಟ್ಟುಕೊಂಡು ಬೇಗ ಕಾಯುತ್ತದೆ. ತಳ ಕಪ್ಪು ಕೆಸರಾಗಿದ್ದರೆ, ಕಲ್ಲು ಒಟ್ಟಿದ ಸೇತುವೆಯ ಬುಡವಾಗಿದ್ದರೆ ಇನ್ನೂ ಒಳ್ಳೆಯದು. ಕಲ್ಲಿನ ಸಂದಿಯಲ್ಲಿ ಕ್ರಾಫಿಶ್ ಇರುತ್ತವೆ. ಸಿಗಡಿಯ ದಾಯಾದಿ, ಕೊಂಡಿಗಳಿರುವ ಸಿಹಿನೀರಿನ ಪ್ರಾಣಿ. ನೀರು ಬೆಚ್ಚಗಾದಾಗ ಅವು ಹೊರಗೆ ಬರುತ್ತವೆ. ಅವುಗಳ ಹಿಂದೆ ಬಾಸ್ ಬರುತ್ತದೆ.

ಇಷ್ಟು ಹೇಳಿದ ಮೇಲೆ ಎಂಥ ಲೂರ್ ಹಾಕಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆಯೇ. ಕೆಂಪು. ಪೂರ್ವ ಟೆಕ್ಸಾಸಿನಲ್ಲಿ ಫೆಬ್ರವರಿ ಅಂದರೆ ಕೆಂಪು ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್. ಚಪ್ಪಟೆ ಮೀನಿನಾಕಾರದ ಪ್ಲಾಸ್ಟಿಕ್, ಹೊಟ್ಟೆಯೊಳಗೆ ಗುಂಡುಗಳು. ಎಳೆದರೆ ಗಲಗಲ ಅನ್ನುತ್ತದೆ. ರ್ಯಾಟ್-ಎಲ್-ಟ್ರ್ಯಾಪ್ ಅನ್ನುವುದು ಇವುಗಳಲ್ಲಿ ಹಳೆಯ ಹೆಸರು. ಸ್ಯಾಮ್ ರೇಬರ್ನ್, ಟೊಲೀಡೊ ಬೆಂಡ್ ಜಲಾಶಯಗಳ ಕಡೆ ಈ ಕಾಲದಲ್ಲಿ ಎಲ್ಲರ ಕೋಲಿನ ತುದಿಯಲ್ಲೂ ಕೆಂಪೇ. ಎಸೆದು ಸುಮ್ಮನೆ ಸುತ್ತಿಕೊಂಡರೆ ಪ್ರಯೋಜನ ಕಡಿಮೆ. ಅದು ನೀರೊಳಗಿನ ಹುಲ್ಲಿಗೆ ಸಿಕ್ಕಿಕೊಳ್ಳಬೇಕು. ಸಿಕ್ಕಿದ್ದನ್ನು ಕೋಲಿನಿಂದ ಒಮ್ಮೆ ಜಗ್ಗಿ ಬಿಡಿಸಬೇಕು. ಬಿಡಿಸಿಕೊಂಡು ಮುಂದಕ್ಕೆ ಜಿಗಿಯುವ ಆ ಗಳಿಗೆಯಲ್ಲೇ ಮೀನು ಬಡಿಯುತ್ತದೆ. ಹೊಟ್ಟೆಗಿಲ್ಲದೆ ಕಚ್ಚಿದ್ದಲ್ಲ, ಕೈಗೆ ಸಿಕ್ಕಿ ತಪ್ಪಿಸಿಕೊಂಡದ್ದನ್ನು ಬಿಡಲಾರದೆ ಕಚ್ಚಿದ್ದು ಅಂತ ನನಗನ್ನಿಸುತ್ತದೆ. ಮೀನಿನ ಮನಸ್ಸು ಯಾರಿಗೆ ಗೊತ್ತು, ಅಲ್ವಾ.

ಆ ಹುಲ್ಲಿನ ವಿಷಯ ಸ್ವಲ್ಪ ಹೇಳಲೇಬೇಕು. ಅದರ ಹೆಸರು ಹೈಡ್ರಿಲ್ಲಾ. ಇಲ್ಲಿಯದಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರ ಮೂಲಕ ಫ್ಲಾರಿಡಾಕ್ಕೆ ಬಂದು, ಅಲ್ಲಿಂದ ಕಾಲುವೆ, ಕೆರೆ, ನದಿ ಹಿಡಿದು ದಕ್ಷಿಣ ರಾಜ್ಯಗಳನ್ನೆಲ್ಲ ಆವರಿಸಿತು. ಈ ದಕ್ಷಿಣದ ಗಿಡಗಳೆಲ್ಲ ಹೆಣ್ಣು. ಬೀಜವೇ ಬೇಕಿಲ್ಲ, ತುಂಡು ಬಿದ್ದಲ್ಲಿ ಬೆಳೆಯುತ್ತದೆ. 1990ರ ದಶಕದಲ್ಲಿ ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಹೈಡ್ರಿಲ್ಲಾ ತರಿಸಿ ಡಿಎನ್‌ಎ ಹೋಲಿಸಿ ನೋಡಿದರು. ಅಮೆರಿಕದ ಈ ಹೆಣ್ಣು ಗಿಡಕ್ಕೆ ತೀರ ಹತ್ತಿರ ಬಂದದ್ದು ಬೆಂಗಳೂರಿನ ಮಾದರಿ. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕೆ. ಸರ್ಕಾರ ಇದನ್ನು ಕೀಳಲು ವರ್ಷ ವರ್ಷ ದುಡ್ಡು ಸುರಿಯುತ್ತದೆ. ಬಾಸ್ ಹಿಡಿಯುವವರು ಕೀಳಬೇಡಿ ಅಂತ ಜಗಳಕ್ಕೆ ಬೀಳುತ್ತಾರೆ. ಹುಲ್ಲಿದ್ದ ಕಡೆ ಮೀನು ಇರುತ್ತದೆ. ನಮ್ಮ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟವರ ಲೆಕ್ಕದಲ್ಲಿ ಹೈಡ್ರಿಲ್ಲಾ ನಮ್ಮೆಲ್ಲರಿಗಿಂತ ಸೀನಿಯರ್.

ನನಗೆ ಈ ಲೆಕ್ಕಗಳನ್ನೆಲ್ಲ ಹೇಳಿಕೊಟ್ಟವರು ನಮ್ಮ ಬೀದಿಯ ಹಿರಿಯರೊಬ್ಬರು. ಹುಟ್ಟಿದ್ದು ಪೂರ್ವ ಟೆಕ್ಸಾಸಿನಲ್ಲೇ. ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಮಾತು ಕಡಿಮೆ. ದೋಣಿ ಅವರದು, ಪೆಟ್ರೋಲು ನನ್ನದು, ಊಟಕ್ಕೆ ನನ್ನ ಹೆಂಡತಿ ಮಾಡಿಕೊಟ್ಟ ಚಿತ್ರಾನ್ನ. ಚಿತ್ರಾನ್ನದಲ್ಲಿ ಕಡಲೆಕಾಯಿ ಜಾಸ್ತಿ ಇರಬೇಕು ಅನ್ನುವುದು ಅವರ ಒಂದೇ ಬೇಡಿಕೆ. ನೀರಿಗಿಳಿದ ಮೇಲೆ ಅವರು ಮೊದಲು ಮಾಡುವ ಕೆಲಸ ಕೈ ಅದ್ದುವುದು. ಥರ್ಮಾಮೀಟರು ಎದುರಿಗೇ ಇದ್ದರೂ ಅದ್ದುತ್ತಾರೆ. ಅದ್ದಿ, ಕೈ ಒರೆಸಿಕೊಂಡು, "ಇನ್ನೂ ಒಳಗೆ ಹೋಗೋಣ" ಅನ್ನುತ್ತಾರೆ, ಇಲ್ಲವೇ "ಇಲ್ಲೇ" ಅನ್ನುತ್ತಾರೆ. ದೋಣಿಯನ್ನು ಮೆಲ್ಲಗೆ ಸಾಗಿಸುವ ಪುಟ್ಟ ಟ್ರೋಲಿಂಗ್ ಮೋಟಾರನ್ನೂ ಎತ್ತಿಬಿಟ್ಟು, ಕೊನೆಯ ನೂರಡಿ ಉದ್ದನೆಯ ಗಳುವಿನಿಂದ ತಳ್ಳಿಕೊಂಡು ಹೋಗುತ್ತಾರೆ. ಎರಡಡಿ ನೀರಿನಲ್ಲಿ ದೋಣಿಯೊಳಗೆ ಚಪ್ಪಲಿ ಸದ್ದಾದರೂ ಮೀನು ಓಡುತ್ತದೆ.

ಹೊಸಬರಿಗೆ ಒಂದು ಮಾತು. ದೋಣಿ ಇಲ್ಲದೆಯೂ ಇದೆಲ್ಲ ಆಗುತ್ತದೆ, ಈ ಕಾಲದಲ್ಲಂತೂ ಚೆನ್ನಾಗಿ ಆಗುತ್ತದೆ. ಮೀನೇ ದಡಕ್ಕೆ ಬಂದಿರುತ್ತದಲ್ಲ. ಟೆಕ್ಸಾಸಿನ ರಾಜ್ಯ ಉದ್ಯಾನಗಳಲ್ಲಿ ದಡದಲ್ಲಿ ನಿಂತು ಗಾಳ ಹಾಕಲು ಲೈಸೆನ್ಸೂ ಬೇಕಿಲ್ಲ. 17 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಎಲ್ಲೂ ಬೇಡ. ಲೇಕ್ ಫೋರ್ಕ್‌ಗೆ ಮಾತ್ರ ಬೇರೆ ನಿಯಮ ಇದೆ. 16ರಿಂದ 24 ಇಂಚಿನ ನಡುವಿನ ಬಾಸ್ ಸಿಕ್ಕರೆ ತಕ್ಷಣ ವಾಪಸ್ ಬಿಡಬೇಕು. 24 ಇಂಚಿನ ಮೇಲಿನದು ದಿನಕ್ಕೆ ಒಂದೇ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಹೇಳಿದ್ದು ಸಾಧಾರಣ ವರ್ಷದ ಕತೆ. ಇಲ್ಲಿ ಸಾಧಾರಣ ಫೆಬ್ರವರಿ ಅನ್ನುವುದೇ ಅಪರೂಪ. 2021ರ ಫೆಬ್ರವರಿ 16ರಂದು ಡಲ್ಲಾಸಿನಲ್ಲಿ ಉಷ್ಣತೆ ಮೈನಸ್ 2 ಫ್ಯಾರನ್‌ಹೀಟ್‌ಗೆ ಇಳಿಯಿತು, ಸೆಲ್ಸಿಯಸ್‌ನಲ್ಲಿ ಮೈನಸ್ 19. ಕರೆಂಟು ಹೋಯಿತು, ಮನೆಮನೆಯಲ್ಲಿ ನಲ್ಲಿ ಪೈಪು ಒಡೆಯಿತು. ಆ ವಾರ ಟೆಕ್ಸಾಸಿನ ಸಮುದ್ರ ತೀರದಲ್ಲಿ ಚಳಿಗೆ ಸತ್ತು ತೇಲಿದ ಮೀನು ಕಡಿಮೆಯೆಂದರೂ 38 ಲಕ್ಷ ಅಂತ ಇಲಾಖೆ ಲೆಕ್ಕ ಹಾಕಿತು. ಅಲ್ಲಿ ಸಿಕ್ಕಿಬಿದ್ದದ್ದೂ ತೆಳ್ಳನೆಯ ನೀರಿನ ಮೀನೇ. ಹಿನ್ನೀರಿನ ಆಳವಿಲ್ಲದ ಕೊಲ್ಲಿಗಳಲ್ಲಿ ಇದ್ದವು, ಆಳಕ್ಕೆ ಓಡಲು ಹೊತ್ತು ಸಾಲಲಿಲ್ಲ.

ಮೂರು ವರ್ಷ ಆದಮೇಲೆ, 2024ರಲ್ಲಿ, ಪೂರ್ತಿ ತಿರುಗುಮುರುಗು. ಅಮೆರಿಕದ ಮುಖ್ಯಭೂಮಿಯ 48 ರಾಜ್ಯಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ಫೆಬ್ರವರಿ ಕೊನೆಯ ಭಾನುವಾರ, 25ನೇ ತಾರೀಕು, ನಾವಿಬ್ಬರೂ ಟೀಶರ್ಟಿನಲ್ಲಿ ಲೇಕ್ ಫೋರ್ಕ್ ಮೇಲಿದ್ದೆವು. ಕೋವಿನ ತುದಿಯಲ್ಲಿ ನೀರು 60 ದಾಟಿತ್ತು. ಅವರು ಕೈ ಅದ್ದಿ ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದರು. ಆ ಮಧ್ಯಾಹ್ನ ಸಿಕ್ಕ ಮೀನುಗಳ ಬಗ್ಗೆ ಹೇಳಿದರೆ ಕೊಚ್ಚಿಕೊಂಡ ಹಾಗಾಗುತ್ತದೆ. ಒಂದೇ ಒಂದು ಮಾತು: ಎಸೆಯುವ ಜಾಗ ಆರಿಸಬೇಕಾದ ಅಗತ್ಯವೇ ಇರಲಿಲ್ಲ. ಹೊಟ್ಟೆ ಊದಿಕೊಂಡ ಹೆಣ್ಣುಗಳು ಹುಲ್ಲಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಕೆಂಪು ಲೂರ್ ಬಿದ್ದಲ್ಲೆಲ್ಲ ಬಡಿದವು.

ಸಂತೋಷವಾಗಿತ್ತಾ ಅಂದರೆ ಆಗಿತ್ತು. ಸುಳ್ಳು ಯಾಕೆ ಹೇಳಲಿ. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಎ.ಸಿ. ಹಾಕಿಕೊಂಡೆವು. ಫೆಬ್ರವರಿಯಲ್ಲಿ ಎ.ಸಿ. ಮರುದಿನ ಸೋಮವಾರ ಡಲ್ಲಾಸಿನಲ್ಲಿ 90 ದಾಟಿತು. ಅದೇ ದಿನ ಟೆಕ್ಸಾಸಿನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಕಡೆ, ಒಣಹುಲ್ಲಿನ ಬಯಲಿನಲ್ಲಿ, ಸ್ಮೋಕ್‌ಹೌಸ್ ಕ್ರೀಕ್ ಕಾಳ್ಗಿಚ್ಚು ಹೊತ್ತಿಕೊಂಡಿತು. ಗಾಳಿ ಜೋರಾಗಿತ್ತು. ಆರುವ ಹೊತ್ತಿಗೆ ಹತ್ತು ಲಕ್ಷ ಎಕರೆಗಿಂತ ಜಾಸ್ತಿ ಸುಟ್ಟಿತ್ತು. ಟೆಕ್ಸಾಸಿನ ಇತಿಹಾಸದಲ್ಲೇ ಅತಿ ದೊಡ್ಡದು. ಸಾವಿರಾರು ದನಗಳು ಸತ್ತವು, ಜನರೂ ಸತ್ತರು. ನನ್ನ ಫೋನಿನಲ್ಲಿ ಭಾನುವಾರದ ಮೀನಿನ ಫೋಟೋ ಆದಮೇಲೆ ಬರುವುದು ಸುದ್ದಿಯಿಂದ ಉಳಿಸಿಕೊಂಡ ಸುಟ್ಟ ಬಯಲಿನ ಫೋಟೋ. ಕೆರೆಗೂ ಬೆಂಕಿಗೂ ನಡುವೆ ನೂರಾರು ಮೈಲಿ ಇದೆ. ಆದರೂ ಎರಡಕ್ಕೂ ಆ ವಾರದ ಬಿಸಿಯೇ ಬೇಕಾಗಿತ್ತು.

ಮಂಗಳವಾರ ಕೋಲ್ಡ್ ಫ್ರಂಟ್, ಅಂದರೆ ಚಳಿಗಾಳಿಯ ಅಲೆ, ಬಂತು. ಬುಧವಾರ ಬೆಳಿಗ್ಗೆ ಸ್ವೆಟರು ಹುಡುಕಿದೆವು. ಇಂಥ ತಿರುವಿನಲ್ಲಿ ಬಾಸ್ ಏನು ಮಾಡುತ್ತದೆ ಅನ್ನುವುದು ಈ ಕಾಲದ ಮೀನುಗಾರಿಕೆಯ ಅತ್ಯಂತ ಕಷ್ಟದ ಪಾಠ. ಫ್ರಂಟ್ ಬರುವ ಮುಂಚಿನ ಕೆಲವು ಗಂಟೆ, ಮೋಡ ಕವಿದು ಗಾಳಿ ಎದ್ದಾಗ, ಮೀನು ಹುಚ್ಚು ಹಿಡಿದ ಹಾಗೆ ತಿನ್ನುತ್ತದೆ. ದಾಟಿ ಹೋದ ಮರುದಿನ ಆಕಾಶ ಉಜ್ಜಿ ತೊಳೆದಷ್ಟು ನೀಲಿ. ನೋಡಲು ಚಂದ. ಹಿಡಿಯಲು ಏನೂ ಇಲ್ಲ. ನಿನ್ನೆ ಎರಡಡಿ ನೀರಿನಲ್ಲಿದ್ದವು ಪಕ್ಕದ ತೊರೆಯ ಪಾತ್ರಕ್ಕೆ ಜಾರಿಕೊಂಡಿರುತ್ತವೆ, ಇಲ್ಲವೇ ಹುಲ್ಲಿನ ಬುಡದಲ್ಲಿ, ಮರದ ಬೊಡ್ಡೆಯ ಸಂದಿಯಲ್ಲಿ ಮುಖ ಹುದುಗಿಸಿಕೊಂಡು ನಿಂತಿರುತ್ತವೆ. ಅದಕ್ಕೇ ದಡಕ್ಕೆ ಬರುವ ಬಾಸ್ ಎಲ್ಲ ದಡಕ್ಕೂ ಬರುವುದಿಲ್ಲ. ಹತ್ತಿರದಲ್ಲೇ ಆಳ ಇರುವ ದಡಕ್ಕೆ ಬರುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲು ಜಾಗ ಇಟ್ಟುಕೊಂಡು ಬರುತ್ತದೆ. ನಕ್ಷೆ ಹಿಡಿದು ಹುಡುಕಬೇಕಾದ್ದು ಆ ದಾರಿಯನ್ನು.

ಎರಡು ಮೂರು ವಾರ ಹೀಗೆ ಬಂದು ಹೋಗಿ ಮಾಡಿದಮೇಲೆ ನೀರು 60ರ ಆಸುಪಾಸಿನಲ್ಲಿ ನಿಂತುಬಿಟ್ಟರೆ ಮೀನು ಹಿಂದಕ್ಕೆ ಹೋಗುವುದಿಲ್ಲ. ಗಂಡುಗಳು ಗೂಡು ಮಾಡಲು ಶುರುಮಾಡುತ್ತವೆ. ಟೆಕ್ಸಾಸಿನಲ್ಲಿ ಇದು ಕೆಲವು ಸಲ ಫೆಬ್ರವರಿಯಲ್ಲೇ ಆಗುತ್ತದೆ, ಕೆಲವು ಸಲ ಮೇ ತನಕ ನಡೆಯುತ್ತದೆ. ಬರಿಯ ಬಿಸಿ ಅಲ್ಲ, ಹಗಲು ಎಷ್ಟು ಉದ್ದವಾಗಿದೆ ಅನ್ನುವುದೂ ಅವುಗಳ ಮೈಗೆ ಗೊತ್ತಾಗುತ್ತದೆ. ಗಂಡು ಬಾಲದಿಂದ ತಳದ ಕೆಸರನ್ನು ಗುಡಿಸಿ, ಎರಡು ಮೂರಡಿ ಅಗಲದ ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಬಂದು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಆಮೇಲಿನ ಬಾಣಂತನವೆಲ್ಲ ಗಂಡಿನದು. ಮರಿ ಹೊರಬರುವವರೆಗೂ, ಬಂದು ಈಜು ಕಲಿಯುವವರೆಗೂ ಅದು ಗೂಡು ಬಿಟ್ಟು ಕದಲುವುದಿಲ್ಲ. ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ. ಗಾಳವೂ ಬಂದದ್ದರಲ್ಲಿ ಒಂದು.

ಇದನ್ನು ಇಲ್ಲಿ ಬೆಡ್ ಫಿಶಿಂಗ್ ಅನ್ನುತ್ತಾರೆ. ಕಪ್ಪು ಕನ್ನಡಕ ಹಾಕಿಕೊಂಡು ದೋಣಿಯ ಮೇಲೆ ನಿಂತರೆ ತಿಳಿನೀರಿನಲ್ಲಿ ಬೆಳ್ಳಗಿನ ಗುಂಡಿ ಕಾಣುತ್ತದೆ. ಅದರ ಮೇಲೆ ಮೀನು ಕಾಣುತ್ತದೆ. ಕಣ್ಣೆದುರೇ ಇರುವ ಮೀನಿನ ಬಾಯಿಗೆ ಮತ್ತೆ ಮತ್ತೆ ಲೂರ್ ಇಳಿಸಿದರೆ ಒಮ್ಮೆಯಲ್ಲ ಒಮ್ಮೆ ಕಚ್ಚಲೇಬೇಕು. ಕೆನಡಾದ ಒಂಟಾರಿಯೋದ ಬಹಳ ಕಡೆ ಜೂನ್ ತನಕ ಬಾಸ್ ಹಿಡಿಯುವುದಕ್ಕೇ ತಡೆ ಇದೆ. ಟೆಕ್ಸಾಸಿನಲ್ಲಿ ಇಲ್ಲ. ಇಲ್ಲಿ ಬೆಚ್ಚಗಿನ ಕಾಲ ಉದ್ದ, ಮೊಟ್ಟೆ ಇಡುವ ವಾರಗಳು ಜಾಸ್ತಿ, ಒಂದು ಗೂಡು ಹಾಳಾದರೆ ಕೆರೆಗೆ ನಷ್ಟವಿಲ್ಲ ಅನ್ನುವುದು ಇಲ್ಲಿಯವರ ವಾದ. ಕೆರೆಯ ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಗಂಡನ್ನು ಎತ್ತಿ ದೋಣಿಗೆ ಹಾಕಿಕೊಂಡ ಐದು ನಿಮಿಷದಲ್ಲಿ ಬ್ಲೂಗಿಲ್ ಎಂಬ ಪುಟಾಣಿ ಮೀನುಗಳು ಗೂಡಿಗೆ ಮುತ್ತಿಕೊಂಡು ಮೊಟ್ಟೆ ತಿನ್ನುವುದನ್ನು ನಾನು ನೋಡಿದ್ದೇನೆ. ಮೀನನ್ನು ವಾಪಸ್ ಬಿಟ್ಟರೂ ಬಿಟ್ಟದ್ದು ಖಾಲಿ ಗೂಡಿಗೆ.

ಇದನ್ನು ನೋಡುವಾಗ ನನಗೆ ನೆನಪಾಗುವುದು ನಮ್ಮ ಕಡೆಯ ಹತ್ತುಮೀನು, ಅಂದರೆ ಮಳೆಗಾಲದಲ್ಲಿ ಹೊಳೆಯಿಂದ ಮೇಲಕ್ಕೆ ಹತ್ತಿ ಬರುವ ಮೀನು. ಮಲೆನಾಡಿನವರಿಗೆ ಹೇಳಬೇಕಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಗೆ ತುಂಬಿ ಗದ್ದೆ ಬಯಲಿಗೆ ನುಗ್ಗುತ್ತದೆ. ಹೊಳೆಯ ಮೀನುಗಳು ಆ ನೀರಿಗೆ ಎದುರಾಗಿ ಹತ್ತಿಕೊಂಡು ಬರುತ್ತವೆ, ಗದ್ದೆಯ ಅಂಗೈ ಆಳದ ನೀರಿನಲ್ಲಿ ಮೊಟ್ಟೆ ಇಡಲು. "ಮೀನು ಹತ್ತಿದಾವಂತೆ" ಅಂತ ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಓಡುತ್ತದೆ. ರಾತ್ರಿ ಟಾರ್ಚು, ಕತ್ತಿ, ಗೋಣಿಚೀಲ ಹಿಡಿದು ಊರಿಗೆ ಊರೇ ಗದ್ದೆಯಲ್ಲಿ. ಮೀನನ್ನು ಹಿಡಿಯುವುದಲ್ಲ, ಕಡಿಯುವುದು. ಚಿಕ್ಕವನಿದ್ದಾಗ ನಾನೂ ಚೀಲ ಹಿಡಿದುಕೊಂಡು ಸೋದರಮಾವನ ಹಿಂದೆ ಓಡಿದವನೇ. ಮಾರನೆಯ ದಿನದ ಸಾರಿನಲ್ಲಿ ಮೊಟ್ಟೆಯೇ ಜಾಸ್ತಿ. ಆ ರುಚಿ ಈಗಲೂ ನಾಲಿಗೆಯಲ್ಲಿದೆ.

ಸಮುದ್ರಕ್ಕಾದರೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ರಜೆ. ಮೀನು ಮರಿ ಮಾಡುವ ಕಾಲ ಅಂತಲೇ. ಗದ್ದೆಗೆ ಹತ್ತಿದ ಮೀನಿಗೆ ಯಾವ ರಜೆಯನ್ನೂ ನಾನು ಕಂಡಿರಲಿಲ್ಲ. ಎರಡು ವರ್ಷದ ಕೆಳಗೆ ಊರಿಗೆ ಹೋದಾಗ ಮಾವನನ್ನು ಕೇಳಿದೆ, ಈಗಲೂ ಹತ್ತುತ್ತವಾ ಅಂತ. "ಗದ್ದೆ ಎಲ್ಲಿದೆ ಮಾರಾಯಾ, ಎಲ್ಲಾ ಅಡಿಕೆ ತೋಟ ಆಗಿದೆ. ಮೀನು ಎಲ್ಲಿಗೆ ಹತ್ತಬೇಕು?" ಅಂದರು. ಕಡಿದದ್ದರಿಂದ ಕಡಿಮೆಯಾದವಾ, ತೋಟದಿಂದಲಾ, ಗದ್ದೆಗೆ ಹೊಡೆದ ಔಷಧಿಯಿಂದಲಾ ಅಂತ ಒಂದರ ಮೇಲೇ ತಪ್ಪು ಹಾಕಲು ಅವರೂ ತಯಾರಿರಲಿಲ್ಲ.

ಅಲ್ಲಿಂದ ಬಂದಮೇಲೆ ನಾನು ಒಂದು ಗೆರೆ ಹಾಕಿಕೊಂಡೆ. ದಡಕ್ಕೆ ಬೆಚ್ಚಗಾಗಲು ಬಂದ ಮೀನಿಗೆ ಗಾಳ ಹಾಕುತ್ತೇನೆ. ಗೂಡಿನ ಮೇಲೆ ಕೂತ ಮೀನಿಗೆ ಹಾಕುವುದಿಲ್ಲ. ಈ ಗೆರೆ ತುಂಬಾ ಗಟ್ಟಿಯಾದದ್ದೇನಲ್ಲ ಅಂತ ನನಗೆ ಗೊತ್ತು. ಹುಲ್ಲಿನ ಅಂಚಿನಲ್ಲಿ ನಾನು ಹಿಡಿಯುವ ಹೆಣ್ಣಿನ ಹೊಟ್ಟೆಯಲ್ಲೂ ಅದೇ ಮೊಟ್ಟೆ ಇರುತ್ತದೆ. ಆದರೂ ಅದು ತಿನ್ನಲು ಬಂದು ಕಚ್ಚುತ್ತದೆ, ಕಚ್ಚದೆ ಹೋಗಲು ಅದಕ್ಕೆ ದಾರಿ ಇರುತ್ತದೆ. ಆ ಇಡೀ ಹುಡುಕಾಟ, ಬಿಸಿಲು ಯಾವ ದಡದ ಮೇಲಿದೆ, ಗಾಳಿ ಎಷ್ಟು ದಿನದಿಂದ ಬೀಸುತ್ತಿದೆ ಅನ್ನುವ ತಲೆಕೆಡಿಸಿಕೊಳ್ಳುವಿಕೆ, ಅದೇ ನನಗೆ ಬೇಕಾದ್ದು. ಗೂಡಿನ ಮೇಲಿನ ಮೀನು ಹಿಡಿಯಲು ಇದೊಂದೂ ಬೇಕಿಲ್ಲ. ಅದು ಹೋಗುವ ಹಾಗಿಲ್ಲ, ಅಷ್ಟೇ. 2024ರಂಥ ಅತಿ ಬೆಚ್ಚಗಿನ ವರ್ಷಗಳಲ್ಲಿ ಈ ಎರಡರ ನಡುವಿನ ವಾರಗಳು ಕುಗ್ಗಿಹೋಗುತ್ತವೆ ಅನ್ನುವುದು ನನ್ನ ದೊಡ್ಡ ದೂರು. ಹುಡುಕುವ ಮೊದಲೇ ಮೀನು ಗೂಡು ಸೇರಿರುತ್ತದೆ.

ನೆರೆಮನೆಯ ಹಿರಿಯರಿಗೆ ಈ ಗೆರೆಯಲ್ಲಿ ನಂಬಿಕೆ ಇಲ್ಲ. ಅವರು ಗೂಡಿನ ಮೀನು ಹಿಡಿದೇ ಬೆಳೆದವರು. ದೋಣಿ ಅವರದಾದ್ದರಿಂದ ಒಪ್ಪಂದ ಮಾಡಿಕೊಂಡಿದ್ದೇವೆ. ಗೂಡು ಕಾಣತೊಡಗಿದ ಮೇಲೆ ಮಧ್ಯಾಹ್ನದವರೆಗೆ ನನ್ನ ಇಷ್ಟದಂತೆ ಹೊರಗಿನ ಹುಲ್ಲಿನ ಅಂಚು, ಆಮೇಲೆ ಅವರ ಇಷ್ಟದಂತೆ ಗೂಡುಗಳು. ಅವರ ಪಾಳಿಯಲ್ಲಿ ನಾನು ಕೋಲು ಕೆಳಗಿಟ್ಟು ಕೈಬಲೆ ಹಿಡಿದು ನಿಲ್ಲುತ್ತೇನೆ. ಮೀನು ದೋಣಿಗೆ ಬಂದರೆ ಫೋಟೋ ಬೇಡ, ಬೇಗ ಬಿಡಿ, ಬ್ಲೂಗಿಲ್ ಬರ್ತಾವೆ ಅಂತ ಗೊಣಗುತ್ತೇನೆ.

"ನಿನ್ನ ಮೊಟ್ಟೆಗಳೇನು?" ಅಂತ ಕೇಳುತ್ತಾರೆ ಅವರು. ಆದರೆ ಬೇಗ ಬಿಡುತ್ತಾರೆ.